ನೆಲಕ್ಕೆ ಕೂತು ಆಡಿದ ಜಗಳ

ಸಿಟ್ಟು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನಾನು ಮಾತ್ರ ಕೂರಬೇಕು. ನಿಂತು ಸಿಟ್ಟಾದರೆ ನನ್ನ ಕಾಲು ಕೈಕೊಡುತ್ತದೆ. ಜೋರಾಗಿ ನಕ್ಕರೂ ಅಷ್ಟೇ. ಎಚ್ಚರವಿರುತ್ತದೆ, ಎಲ್ಲ ಕೇಳಿಸುತ್ತದೆ, ಮೈ ಮಾತ್ರ ನನ್ನ ಮಾತು ಕೇಳುವುದಿಲ್ಲ. ಇದು ಸಾಲದೆಂಬಂತೆ ಹಗಲು ಹೊತ್ತಿನಲ್ಲಿ ಹೇಳದೆ ಕೇಳದೆ ಬಂದು ಅಮರಿಕೊಳ್ಳುವ ನಿದ್ದೆ. ಡಾಕ್ಟರು ಇದನ್ನು ನಾರ್ಕೊಲೆಪ್ಸಿ ಎಂದರು, ಗುಳಿಗೆ ಕೊಟ್ಟರು, ಪೂರ್ತಿ ವಾಸಿಯಾಗುವುದಿಲ್ಲ ಎಂದರು. ಮನೆಯವರು ಸೋಮಾರಿತನ ಎಂದರು. ಅಣ್ಣನಂತೂ ಕುಂಭಕರ್ಣನ ತಂಗಿ ಎಂದೇ ಕರೆಯುತ್ತಾನೆ. ಹಾಗಾದರೆ ತಾನು ಯಾರು ಎಂದು ಆ ಜಾಣ ಇವತ್ತಿಗೂ ಯೋಚಿಸಿಲ್ಲ.

ನಾನು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತೇನೆ. ಕಾಯಿಲೆಯ ವಿಷಯ ಹೇಳಿದ ದಿನ ಮಾಸ್ಟರ್ ಕೇಳಿದ್ದು ಒಂದೇ ಮಾತು: "ಎಲ್ಲಿ ಕೂತ್ರೆ ನಿಂಗೆ ಅನುಕೂಲ?" ಗೋಡೆ ಪಕ್ಕ ಎಂದೆ. ಕೈಯಿರುವ ಕುರ್ಚಿ ತಂದು ಹಾಕಿದರು. ಮಧ್ಯಾಹ್ನ ಕಪಾಟಿನ ಹಿಂದೆ ಸ್ವಲ್ಪ ಮಲಗಿ ಎದ್ದು ಕೆಲಸ ಮುಗಿಸುತ್ತೇನೆ. ನನ್ನ ಮನೆಯಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿಲ್ಲ.

ತಂಗಿ ಹೆತ್ತು ಆಸ್ಪತ್ರೆಯಿಂದ ಬಂದ ಭಾನುವಾರ ಎಲ್ಲರೂ ಸೇರಿದ್ದೆವು. ಮಗು ಕೈಯಿಂದ ಕೈಗೆ ದಾಟುತ್ತಿತ್ತು. ಪಕ್ಕದ ಮನೆಯಾಕೆಗೂ ಸಿಕ್ಕಿತು. ನಾನು ಸೋಫಾದ ಮೂಲೆಯಲ್ಲಿ ಮಡಿಲ ಮೇಲೆ ದಿಂಬಿಟ್ಟುಕೊಂಡು ಕಾಯುತ್ತಿದ್ದೆ. ನನ್ನ ಸರದಿ ಬಂದಾಗ ಕೈ ಚಾಚಿದೆ. ಅತ್ತಿಗೆ ಮಗುವನ್ನು ನನ್ನ ತಲೆಯ ಮೇಲಿಂದಲೇ ಅಮ್ಮನಿಗೆ ದಾಟಿಸಿಬಿಟ್ಟರು.

"ಇವಳ ಕೈಗಾ? ಬೇಡಪ್ಪ! ಮಗುಗಿಂತ ಮೊದ್ಲು ಇವಳೇ ಮಲಗಿರ್ತಾಳೆ."

ಎಲ್ಲರೂ ನಕ್ಕರು. ತಂಗಿ ಮಾತ್ರ ನಗಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಮಗು ಬಿದ್ದೀತೆಂಬ ಭಯ ನನಗಿಲ್ಲವೇ? ಅವರೆಲ್ಲರಿಗಿಂತ ಹೆಚ್ಚೇ ಇದೆ. ಅದಕ್ಕೇ ಬೆಳಿಗ್ಗೆ ಗುಳಿಗೆ ನುಂಗಿ, ಒಂದು ನಿದ್ದೆ ಮುಗಿಸಿಯೇ ಬಂದಿದ್ದೆ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಸಿಟ್ಟಿನ ಭರದಲ್ಲಿ ಎದ್ದು ನಿಂತೆ. ಬಾಯಿ ತೆರೆಯುವ ಮೊದಲೇ ಕಾಲು ಕುಸಿಯಿತು.

"ನೋಡಿದ್ರಾ? ನಾನು ಹೇಳ್ಲಿಲ್ವಾ?" ಅತ್ತಿಗೆಯ ದನಿ.

"ನಾಟ್ಕ," ಎಂದ ಅಣ್ಣ.

ನನ್ನ ಕೆನ್ನೆ ನೆಲಕ್ಕೆ ಒತ್ತಿತ್ತು. ಒಂದೊಂದು ಮಾತೂ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಕೈಕಾಲಿಗೆ ಜೀವ ಬಂತು. ನಾನು ಏಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತೆ.

"ಇಲ್ಲಿಂದಾನೇ ಜಗಳ ಆಡ್ತೀನಿ, ಕೇಳಿಸ್ಕೊಳ್ಳಿ. ಇನ್ನು ಕೆಳಗೆ ಬೀಳೋಕೆ ಜಾಗ ಇಲ್ಲ. ತಂಗಿ ಮದ್ವೇಲಿ ನಕ್ರೆ ಬೀಳ್ತೀನಿ ಅಂತ ಹಲ್ಲು ಕಚ್ಕೊಂಡು ಕೂತಿದ್ದೆ. ಜಂಬ ಅಂದ್ರಿ. ನಿದ್ದೆ ಬಂದ್ರೆ ಸೋಮಾರಿ ಅಂದ್ರಿ. ಬಿದ್ರೆ ನಾಟ್ಕ ಅಂತೀರಿ. ಮಗೂನ ಎತ್ಕೊಂಡು ಓಡಾಡ್ತೀನಿ ಅಂದ್ನಾ ನಾನು? ಕೂತ್ಕೊಂಡು, ಮಡಿಲಲ್ಲಿ ದಿಂಬಿಟ್ಕೊಂಡು, ಪಕ್ಕದಲ್ಲಿ ಒಬ್ರು ಇದ್ರೆ ಸಾಕಿತ್ತು. ಹೇಗೆ ಕೊಡ್ಲಿ ಅಂತ ಒಂದ್ಸಲ ಕೇಳೋಕಾಗಲ್ವಾ?"

ಕೊನೆಯ ಮಾತಿಗೆ ನಾಲಿಗೆ ತೊದಲಿತು, ಕತ್ತು ವಾಲಿತು. ಗೋಡೆ ಇತ್ತಲ್ಲ, ಬೀಳಲಿಲ್ಲ.

ತಂಗಿ ಅಮ್ಮನಿಂದ ಮಗುವನ್ನು ಇಸಿದುಕೊಂಡಳು. ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ನೋವಿಗೆ ಮುಖ ಹಿಂಡುತ್ತ ಬಂದು ನನ್ನ ಪಕ್ಕ ನೆಲಕ್ಕೇ ಕೂತಳು. ನನ್ನ ಮಡಿಲಿಗೆ ದಿಂಬಿಟ್ಟಳು.

"ತಲೆ ಯಾವ ಕಡೆ ಇರ್ಲಿ ಅಕ್ಕ?"

"ಎಡಕ್ಕೆ."

ಖುಷಿಗೂ ನನ್ನ ಕೈ ಸಡಿಲವಾಗುತ್ತದೆ, ಆಯಿತು ಕೂಡ. ತಂಗಿ ಅದರ ಮೇಲೆ ತನ್ನ ಕೈಯಿಟ್ಟಳು. ಮಗು ದೊಡ್ಡದಾಗಿ ಆಕಳಿಸಿ ಕಣ್ಣು ಮುಚ್ಚಿತು.

"ಶ್! ಮೆಲ್ಲಗೆ," ಎಂದರು ಅತ್ತಿಗೆ. ಅಣ್ಣ ಓಡಿಹೋಗಿ ಟಿವಿ ಆರಿಸಿದ. ಅಮ್ಮ ತುದಿಗಾಲಲ್ಲಿ ನಡೆದು ಕಿಟಕಿಯ ಪರದೆ ಎಳೆದರು, ಕಣ್ಣಿಗೆ ಬಿಸಿಲು ಬೀಳಬಾರದೆಂದು.

ನಾನು ನೋಡುತ್ತ ಕೂತೆ. ನಿದ್ದೆಗೆ ಮರ್ಯಾದೆ ಕೊಡುವುದು ಇವರಿಗೆ ಗೊತ್ತಿರಲಿಲ್ಲವೆಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.