ಕೆಂಪು ಹಳ್ಳದಾಚೆಯ ಕುರ್ಚಿ

ಕೆಂಪು ಹಳ್ಳದ ಸೇತುವೆ ದಾಟಿದ ಮೇಲೆ, ರಸ್ತೆ ಹೊರಳುವ ಮುಂಚೆ, ಬಲಗಡೆಯ ಬೋಳುಗುಡ್ಡದ ಮೇಲೆ ಒಂದು ಕುರ್ಚಿ ಇದೆ ಎಂದು ಯೂನಿಸ್ ಮೊದಲ ಸಲ ಹೇಳಿದ್ದು ಮದುವೆಯಾದ ಹೊಸತರಲ್ಲಿ. ಅಡುಗೆಮನೆಯ ಮೇಜಿನ ಪಕ್ಕ ಹಾಕುವಂಥ ಸಾದಾ ಕುರ್ಚಿ. ರಸ್ತೆಗೆ ಬೆನ್ನು ಮಾಡಿ ನಿಂತಿತ್ತು.

"ಮರದ ಬೊಡ್ಡೆ ಇರ್ಬೇಕು," ಎಂದಿದ್ದ ಗಂಡ ಏಬಲ್, ಕತ್ತು ತಿರುಗಿಸದೆ.

"ಬೊಡ್ಡೆಗೆ ನಾಲ್ಕು ಕಾಲಿರುತ್ತಾ?"

"ಹಂಗಾದ್ರೆ ಕಾರಿಬೂ ಜಿಂಕೆ. ಅದಕ್ಕೂ ನಾಲ್ಕು ಕಾಲು."

ಅವಳು ನಕ್ಕು ಮುಗಿಸುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ವಾಪಸು ಬರುವಾಗ ಆ ಗುಡ್ಡ ಅವನ ಮಗ್ಗುಲಿಗೆ ಬೀಳುತ್ತಿತ್ತು, ಬಂಡೆಯೊಂದು ಅಡ್ಡ ಬಂದು ಕುರ್ಚಿಯನ್ನು ಮುಚ್ಚುತ್ತಿತ್ತು. ಹಾಗಾಗಿ ವರ್ಷಕ್ಕೊಂದು ಸಲ, ತಾವಿದ್ದ ವೈಟ್‌ಹಾರ್ಸ್ ಪಟ್ಟಣದಿಂದ ಉತ್ತರಕ್ಕೆ ತಮ್ಮೂರಿನ ಕಡೆ ಹೋಗುವಾಗ ಮಾತ್ರ, ಮೂರು ಉಸಿರಿನಷ್ಟು ಹೊತ್ತು ಅದು ಅವಳಿಗೆ ಸಿಗುತ್ತಿತ್ತು. ಎಡಗಡೆಯ ಸ್ಟಿಯರಿಂಗ್ ಅವನದು, ಬಲಗಡೆಯ ಕಿಟಕಿ ಅವಳದು. ಒಂದು ವರ್ಷ ಕುರ್ಚಿಯ ಮೇಲೆ ಕಾಗೆ ಕೂತಿತ್ತು. ಇನ್ನೊಂದು ವರ್ಷ ಕುರ್ಚಿ ಪಕ್ಕಕ್ಕೆ ವಾಲಿತ್ತು, ಮರುವರ್ಷ ನೋಡಿದರೆ ನೆಟ್ಟಗಿತ್ತು. ನೆಟ್ಟಗೆ ಮಾಡಿದವರು ಯಾರು? ಅಷ್ಟು ಮೇಲಕ್ಕೆ ಕುರ್ಚಿ ಹೊತ್ತವರು ಯಾರು? ಅಲ್ಲಿ ಕೂತು ರಸ್ತೆಗೆ ಬೆನ್ನು ತಿರುಗಿಸಿ ನೋಡುವಂಥದ್ದು ಆಚೆ ಏನಿದೆ?

"ಒಂದು ನಿಮಿಷ ನಿಲ್ಸು," ಎಂದು ಅವಳು ಮೊದಲ ಕೆಲವು ವರ್ಷ ಕೇಳಿದಳು. "ನದಿ ದಾಟೋ ಫೆರಿ ತಪ್ಪುತ್ತೆ," ಎನ್ನುತ್ತಿದ್ದ ಅವನು. ಆಮೇಲೆ ಕೇಳುವುದು ಬಿಟ್ಟಳು. ನೋಡುವುದು ಬಿಡಲಿಲ್ಲ.

ಈಗ ಏಬಲ್‌ನ ಕಣ್ಣು ಕೆಟ್ಟಿತ್ತು. ಹೋದ ಚಳಿಗಾಲದಲ್ಲಿ ಅವನ ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಬಂದು ಕೂತಿತು, ಏಳಲಿಲ್ಲ. ನೇರಕ್ಕೆ ಇದ್ದದ್ದು ಕಾಣದು, ಅಂಚಿನಲ್ಲಿದ್ದದ್ದು ಕಾಣುತ್ತದೆ. ಹೆಂಡತಿಯ ಮುಖ ನೋಡಬೇಕೆಂದರೆ ಅವಳ ಕಿವಿಯಾಚೆ ಗೋಡೆಯನ್ನು ನೋಡುತ್ತಾನೆ. ಆಯಸ್ಸೆಲ್ಲ ಎಣ್ಣೆ ಟ್ಯಾಂಕರ್ ಓಡಿಸಿದವನ ಲೈಸೆನ್ಸು ವಸಂತ ಬರುವಷ್ಟರಲ್ಲಿ ಹೋಯಿತು. ಅಂದಿನಿಂದ ಅಂಗಳದ ಪಿಕಪ್ಪಿನ ಹತ್ತಿರ ಹೋಗಿ ಅದರ ಚಕ್ರಗಳನ್ನು ಕಾಲಿಂದ ಒದ್ದು ನೋಡಿ ವಾಪಸು ಬರುವುದೇ ಅವನ ಬೆಳಗಿನ ಕೆಲಸ.

ಸೆಪ್ಟೆಂಬರಿನಲ್ಲಿ, ಉತ್ತರದ ತಮ್ಮೂರು ಮೆಕ್‌ಫರ್ಸನ್‌ನಲ್ಲಿರುವ ಅವನ ಅಕ್ಕ ರೋಸಲಿಗೆ ಎಂಬತ್ತು ತುಂಬುವ ಊಟ. ಪಿಟೀಲು, ಬೆಳಗಿನವರೆಗೆ ಕುಣಿತ. ಹೋಗದೆ ಇರುವ ಮಾತೇ ಇರಲಿಲ್ಲ. ಗಾಡಿ ಓಡಿಸುವವರು ಯಾರು ಎನ್ನುವುದಷ್ಟೇ ಇತ್ತು. ಅದೂ ತೀರ್ಮಾನವಾದಂತೆಯೇ. ರೋಸಲಿಯ ಮಗ ಡೆಲ್ಮರ್ ಅದೇ ರಸ್ತೆಯಲ್ಲಿ ದಿನಸಿ ಲಾರಿ ಓಡಿಸುತ್ತಾನೆ, ರಜೆ ಹಾಕಿ ಮಾವನ ಪಿಕಪ್ ಓಡಿಸುತ್ತಾನೆ. ಡೆಲ್ಮರ್ ಏಬಲ್‌ನ ಕೈಕೆಳಗೆ ಕಲಿತವನು. ಅವನೂ ಎಲ್ಲೂ ನಿಲ್ಲಿಸುವವನಲ್ಲ. ಯೂನಿಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತನಗೆ ಅರವತ್ತಾಗುತ್ತ ಬಂತು. ಇನ್ನೆಷ್ಟು ಸಲ ಆ ದಾರಿ? ಈ ಸಲವೂ ಮೂರು ಉಸಿರು, ಅಷ್ಟೇ.

ಡೆಲ್ಮರ್ ದಾರಿಯ ಯೋಚನೆ ಮಾಡಲು ಭಾನುವಾರ ಮಧ್ಯಾಹ್ನ ಬಂದ. ಯೂನಿಸ್ ರೋಸಲಿಗೆಂದು ಚರ್ಮದ ಚಪ್ಪಲಿಗೆ ಮಣಿ ಹೊಲಿಯುತ್ತಿದ್ದಳು. ಏಬಲ್‌ಗೆ ನಕಾಶೆ ಕಾಣುವುದಿಲ್ಲವಲ್ಲ ಎಂದು ಮೇಜಿನ ಮೇಲೆ ಉದ್ದಕ್ಕೂ ಕಾರಿಬೂ ನರದಿಂದ ಮಾಡಿದ ಹೊಲಿಗೆ ದಾರ ಹಾಸಿ, ಅಲ್ಲಲ್ಲಿ ದಪ್ಪ ಮಣಿ ಇಟ್ಟಿದ್ದಳು. ಬೆರಳಿಂದ ಮುಟ್ಟಿದರೆ ಅವನಿಗೆ ತಿಳಿಯುತ್ತಿತ್ತು. ಡಾಂಬರು ಮುಗಿದು ಜಲ್ಲಿ ಶುರುವಾಗುವ ಮೂಲೆಗೆ ಕಪ್ಪು, ಹಳ್ಳಕ್ಕೆ ಕೆಂಪು, ನಡುದಾರಿಯಲ್ಲಿ ಪೆಟ್ರೋಲು ಸಿಗುವ ಒಂದೇ ಜಾಗ ಈಗಲ್‌ಗೆ ಹಳದಿ, ಕೊನೆಗೆ ಪೀಲ್ ನದಿಯ ಫೆರಿಗೆ ನೀಲಿ.

"ಇದೇನತ್ತೆ, ಮೇಜಿನ ಮೇಲೆ ಹಾವು ಬಿಟ್ಟಿದೀಯ?"

"ರಸ್ತೆ ಕಣೋ. ರೊಟ್ಟಿ ಜಾಮು ಅದರ ಮೇಲೆ ಬೀಳಿಸ್ಬೇಡ, ಆಮೇಲೆ ನೀನೇ ರಿಪೇರಿ ಮಾಡ್ಬೇಕಾಗುತ್ತೆ."

ಡೆಲ್ಮರ್ ಬ್ಯಾನಕ್ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. "ಯೋಚನೆ ಮಾಡೋಕೆ ಏನಿದೆ? ಎರಡು ಸ್ಟೆಪ್ನಿ, ಎರಡು ಕ್ಯಾನು ಪೆಟ್ರೋಲು, ಒಂದು ಕೊಡಲಿ. ಬೆಳಿಗ್ಗೆ ಬಿಟ್ರೆ ಮಾರನೇ ಬೆಳಿಗ್ಗೆ ಫೆರಿ ಹತ್ರ. ಊಟ ಕೈಯಲ್ಲಿ, ಉಚ್ಚೆ ಬಾಟ್ಲೀಲಿ."

"ನನ್ನ ಕೈಲಿ ಬಾಟ್ಲಿ ಆಗಲ್ಲಪ್ಪ," ಎಂದಳು ಯೂನಿಸ್.

ಇಬ್ಬರೂ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ಮರೆಯಲ್ಲೇ ಅವಳು ಕೆಂಪು ಮಣಿಯ ಪಕ್ಕ ಒಂದು ಬಿಳಿ ಮಣಿ ಇಟ್ಟಳು.

"ಇದ್ಯಾವ ಊರು?" ಎಂದ ಡೆಲ್ಮರ್.

"ಊರಲ್ಲ. ನಿಲ್ಲೋ ಜಾಗ. ಅಲ್ಲಿ ಗುಡ್ಡದ ಮೇಲೆ ಕುರ್ಚಿ ಇದೆ."

"ಆ ಬೊಡ್ಡೇನ ಇನ್ನೂ ಬಿಟ್ಟಿಲ್ವೇನೇ ನೀನು?" ಎಂದು ಏಬಲ್ ಕೂತಲ್ಲಿಂದಲೇ ರಾಗ ಎಳೆದ.

"ವಾರಕ್ಕೊಂದು ಸಲ ಓಡಾಡ್ತೀನತ್ತೆ, ನಂಗೊಂದು ದಿನಾನೂ ಕಂಡಿಲ್ಲ."

"ನಿಂಗೆ ರಸ್ತೆ ಬಿಟ್ಟು ಇನ್ನೇನೋ ಕಂಡಿರೋದು? ಹೆಂಡ್ತಿ ಕೂದ್ಲು ಕತ್ತರಿಸ್ಕೊಂಡು ತಿಂಗಳಾದ್ಮೇಲೆ ಕಂಡಿತಂತೆ," ಎಂದಳು ಯೂನಿಸ್.

ಏಬಲ್ ದಾರದ ಮೇಲೆ ಬೆರಳಾಡಿಸುತ್ತ ಬಂದು ಬಿಳಿ ಮಣಿ ಸಿಕ್ಕಿದಾಗ, ಅಕ್ಕಿಯಲ್ಲಿನ ಕಲ್ಲಿನ ಹಾಗೆ ಅದನ್ನು ಪಕ್ಕಕ್ಕೆ ಸರಿಸಿದ. ಸಿಟ್ಟಿಲ್ಲ, ಬೇಕೆಂದೂ ಅಲ್ಲ, ಅಭ್ಯಾಸ. ಆ ಅಭ್ಯಾಸವೇ ಅವಳನ್ನು ಚುಚ್ಚಿದ್ದು. ಅವನು ಬೈದಿದ್ದರೆ ಬಹುಶಃ ಸುಮ್ಮನಿರುತ್ತಿದ್ದಳು.

"ಡೆಲ್ಮರ್, ನೀನು ರಜೆ ಹಾಕ್ಬೇಡ. ಗಾಡಿ ನಾನು ಓಡಿಸ್ತೀನಿ."

ಹೇಳಿದ ಮೇಲೆ ಅದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಯಿತು. ಒಲೆಯ ಮೇಲಿನ ನೀಲಿ ಕೆಟಲ್ ಒಂದೇ ಸಮ ಕುದಿಯುತ್ತಿತ್ತು.

"ಅಂಗಡಿಗೆ, ಚರ್ಚಿಗೆ ಓಡಿಸೋದು ಬೇರೆ ಕಣೇ," ಎಂದ ಏಬಲ್ ಮೆಲ್ಲಗೆ. "ಆ ರಸ್ತೆ ಬೇರೆ."

"ಗೊತ್ತು."

"ಏನ್ ಗೊತ್ತು? ಸರಿ, ಈಗಲೇ ಓಡ್ಸು ನೋಡೋಣ. ಡೆಲ್ಮರ್, ಆ ಮುಚ್ಚಳ ಕೊಡು ಅವಳಿಗೆ."

ಡೆಲ್ಮರ್ ಪಾತ್ರೆಯ ಮುಚ್ಚಳ ತಂದು ಅವಳ ಕೈಗಿಟ್ಟ. ತಮಾಷೆಗೇ ಶುರುವಾಗಿತ್ತು. ಯೂನಿಸ್ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ರಸ್ತೆಯನ್ನು ನೆನೆಸಿಕೊಳ್ಳಲು ಹೋದರೆ ಕಂಡದ್ದು ರಸ್ತೆಯಲ್ಲ, ಪಕ್ಕದಲ್ಲಿ ಕೂತ ಏಬಲ್.

"ಚೂಪುಗಲ್ಲಿನ ರಸ್ತೆ ಬಂತು," ಎಂದ ಅವನು. "ಟೈರು ಹರಿಯೋ ಜಾಗ. ಎಲ್ಲಿಂದ ಶುರು?"

"ನೀನು ಚೂಯಿಂಗ್ ಗಮ್ ಅಗಿಯೋದು ನಿಲ್ಲಿಸ್ತೀಯಲ್ಲ, ಅಲ್ಲಿಂದ. ಸಣ್ಣ ಸೇತುವೆ ಕಳೆದು ಏರು ಹತ್ತೋವಾಗ."

ಏಬಲ್ ತನ್ನ ದವಡೆ ಮುಟ್ಟಿ ನೋಡಿಕೊಂಡ.

"ಮಳೆ ಬಂತು. ರಸ್ತೆ ಬೆಣ್ಣೆ ಆಗಿದೆ."

"ಬೈತೀಯ."

ಡೆಲ್ಮರ್ ಟೀ ಉಗಿದುಕೊಂಡ.

"ಬೈತೀಯ, ಬ್ರೇಕ್ ಮುಟ್ಟಲ್ಲ, ಗೇರು ಇಳಿಸ್ತೀಯ. ಮತ್ತೆ ಬೈತೀಯ."

"ಗಾಳಿ?"

"ಕಣಿವೆ ತೆರ್ಕೊಳ್ಳೋ ಮುಂಚೆ ನಿನ್ನ ಬಲಗೈ ತೊಡೆ ಬಿಟ್ಟು ಸ್ಟಿಯರಿಂಗ್ ಮೇಲೆ ಬರುತ್ತೆ. ಹಾಡು ನಿಲ್ಲುತ್ತೆ. ಕರೀ ಬಂಡೆ ಹತ್ರ. ಆಮೇಲೆ ಇಳಿಜಾರು ಮುಗಿಯೋವರೆಗೂ ನನ್ನ ಜೊತೆ ಮಾತಾಡಲ್ಲ ನೀನು."

"ಎದುರಿಗೆ ಲಾರಿ ಬಂದ್ರೆ?"

"ಅಂಚಿಗೆ ಹೋಗಿ ನಿಧಾನ. ಅಂಗೈ ಗಾಜಿಗೆ ಒತ್ತಿ ಹಿಡೀತೀಯ, ಕಲ್ಲು ಸಿಡಿದ್ರೆ ಒಡೀಬಾರದು ಅಂತ."

"ರಸ್ತೆ ಮೇಲೇ ವಿಮಾನ ಇಳಿಯೋ ಜಾಗ?"

ಯೂನಿಸ್ ಕಣ್ಣು ತೆರೆದಳು. "ಅದು ಗೊತ್ತಿಲ್ಲ. ಅಲ್ಲಿ ನಾನು ಯಾವಾಗ್ಲೂ ನಿದ್ದೆ."

ಡೆಲ್ಮರ್ ನಕ್ಕ. ಏಬಲ್ ನಗಲಿಲ್ಲ. ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು, ಅವು ಕಾಣಲೆಂದು ಕಿಟಕಿಯ ಕಡೆಗೆ ನೋಡುತ್ತ ಕೂತ. ಇಷ್ಟು ವರ್ಷ ಅವುಗಳನ್ನು ಯಾರೋ ಓದುತ್ತಿದ್ದರು ಎನ್ನುವುದು ಅವನಿಗೆ ಹೊಸದು. ಯೂನಿಸ್‌ಗೂ ಹೊಸದೇ. ಕಿಟಕಿಯಾಚೆ ನೋಡುತ್ತಿದ್ದೇನೆ ಎಂದುಕೊಂಡೇ ಅವಳು ಒಳಗಡೆಯದನ್ನೆಲ್ಲ ನೋಡಿಟ್ಟುಕೊಂಡಿದ್ದಳು.

"ವಿಮಾನದ್ದು ನಾನು ಹೇಳ್ಕೊಡ್ತೀನಿ," ಎಂದ ಅವನು ಕೊನೆಗೆ. "ಡೆಲ್ಮರ್, ನಿನ್ನ ಲಾರಿ ನೀನು ತಗೊಂಡು ಬಾ."

ಡೆಲ್ಮರ್ ಹೋದ ಮೇಲೆ ಅವಳು ಬಿಳಿ ಮಣಿಯನ್ನು ಮತ್ತೆ ದಾರದ ಪಕ್ಕ ಇಟ್ಟಳು. "ಏಬಲ್, ಒಂದು ಸಲಾನೂ ಯಾಕೆ ನಿಲ್ಲಿಸ್ಲಿಲ್ಲ ನೀನು?"

"ಫೆರಿ..."

"ಫೆರಿ ಸುಳ್ಳು. ಎಷ್ಟೋ ಸಲ ದಡದ ಮೇಲೆ ಹೊತ್ತುಗಟ್ಲೆ ಕಾದಿದೀವಿ."

ಅವನು ಅವಳ ಕಿವಿಯಾಚೆ ನೋಡಿದ. "ಆ ರಸ್ತೇಲಿ ನಿಂತ ಗಾಡೀನ ಯಾರೂ ದಾಟ್ಕೊಂಡು ಹೋಗಲ್ಲ. ನಿನಗೇ ಗೊತ್ತಲ್ಲ. ನಾವು ನಿಂತ್ರೆ ಹಿಂದಿನವನು ನಿಲ್ತಾನೆ, ಅವನ ಹಿಂದಿನವನೂ ನಿಲ್ತಾನೆ. ಜ್ಯಾಕ್ ಹಿಡ್ಕೊಂಡು ಇಳೀತಾರೆ. ಒಂದು ಸಲ ಯಾವನೋ ಪ್ರವಾಸಿ ನಿಂತಿದ್ದ. ಪಾಪ, ಆಕ್ಸಲ್ ಮುರಿದಿರ್ಬೇಕು ಅಂತ ಅಷ್ಟು ದೊಡ್ಡ ಟ್ಯಾಂಕರ್ ಏರಿನಲ್ಲಿ ನಿಲ್ಲಿಸಿ ಓಡಿದೆ. ಹೂವಿನ ಫೋಟೋ ತೆಗೀತಿದ್ದ ಕಣೇ. ಹೂವಿಂದು! ನಂಗೆ ಆವತ್ತಿನ ಕೊನೇ ಫೆರಿ ತಪ್ತು. ಊರೋರು ಒಲೆಗೆ ಎಣ್ಣೆ ಇಲ್ದೆ ಮಲಗಿದ್ರು. ನಾನು ಹಂಗೆ ಇನ್ನೊಬ್ರಿಗೆ ಮಾಡಬಾರ್ದು ಅಂತ."

"ಇದನ್ನ ಆವಾಗ್ಲೇ ಹೇಳೋದಕ್ಕೇನು?"

"ನೀನು ನಿಲ್ಸು ಅಂದೆ. ಯಾಕೆ ನಿಲ್ಸಲ್ಲ ಅಂತ ಇವತ್ತೇ ಕೇಳಿದ್ದು."

ನಿಜ. ಒಂದು ಕುರ್ಚಿಯ ಬಗ್ಗೆ ಅಷ್ಟೊಂದು ಪ್ರಶ್ನೆ ಕೂಡಿಟ್ಟವಳು, ಪಕ್ಕದಲ್ಲಿ ಕೂತವನ ಬಗ್ಗೆ ಒಂದನ್ನೂ ಕೇಳಿರಲಿಲ್ಲ. ಹಠಮಾರಿ ಎಂದು ಹೆಸರಿಟ್ಟು ಸುಮ್ಮನಾಗಿದ್ದಳು. ಹೆಸರಿಟ್ಟ ಮೇಲೆ ಕೇಳುವುದೇನು ಉಳಿಯುತ್ತದೆ?

ಒಲೆಯಿಂದ ಕೆಟಲ್ ಇಳಿಸುವಾಗ ಅವಳಿಗೆ ಹೊಳೆಯಿತು. "ಬಾನೆಟ್ ಮೇಲೆ ಕೆಟಲ್ ಇಟ್ರೆ? ಟೀಗೆ ನಿಂತಿದಾರೆ, ಏನೂ ಆಗಿಲ್ಲ ಅಂತ ಗೊತ್ತಾಗಲ್ವಾ?"

"ನಮ್ಮೋರು ಆಕ್ಸಲ್ ಮುರಿದ್ರೂ ಮೊದ್ಲು ಟೀನೇ ಕಾಸೋದು."

"ಹಂಗಾದ್ರೆ ಡೆಲ್ಮರ್ ಲಾರಿಯವರ ರೇಡಿಯೋದಲ್ಲಿ ಹೇಳ್ಲಿ. ನೀಲಿ ಕೆಟಲ್ ಕಂಡ್ರೆ ನಿಲ್ಬೇಡಿ, ಅದು ಏಬಲ್ ಹೆಂಡ್ತಿ ಹುಚ್ಚು ಅಂತ."

ಏಬಲ್ ಯೋಚಿಸಿದ. ಅವನಿಗೆ ನಗು ಬಂತು. "ಅದು ಆಗುತ್ತೆ," ಎಂದ. ಬೆರಳಿಂದ ತಡವಿ ಬಿಳಿ ಮಣಿಯನ್ನು ಹುಡುಕಿ, ಕೆಂಪಿನ ಪಕ್ಕಕ್ಕೆ ಗಟ್ಟಿಯಾಗಿ ಒತ್ತಿದ. "ಬೊಡ್ಡೆ ಆಗಿದ್ರೆ ಮಾತ್ರ ಊರೋರಿಗೆಲ್ಲ ಹೇಳ್ತೀನಿ."

ಸೆಪ್ಟೆಂಬರಿನಲ್ಲಿ ಗುಡ್ಡಗಳು ಕೆಂಪಾಗಿದ್ದವು. ಯೂನಿಸ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೂಲೆಯಿಂದ ಜಲ್ಲಿಗೆ ಇಳಿದಳು. ಕಲ್ಲುಗಳು ಗಾಡಿಯ ಹೊಟ್ಟೆಗೆ ಬಡಿಯುವ ಸದ್ದು ಬಲಗಡೆಯ ಸೀಟಿಗಿಂತ ಇಲ್ಲಿ ಜೋರು ಅನಿಸಿತು. ಮಳೆ ಒಂದು ಸಲ ಬಂತು. ಬ್ರೇಕ್ ಮುಟ್ಟದೆ ಗೇರು ಇಳಿಸಿದಳು.

"ಬೈಬೇಕು," ಎಂದ ಏಬಲ್.

ಬೈದಳು. ಗಾಡಿ ಸರಿಹೋಯಿತು.

ಕೆಂಪು ಹಳ್ಳ ಹತ್ತಿರವಾದಂತೆ ಅವಳಿಗೆ ಒಂದು ವಿಷಯ ಥಟ್ಟನೆ ಅರಿವಾಯಿತು. ಈ ಸೀಟಿನಿಂದ ಗುಡ್ಡ ಕಾಣುವುದೇ ಇಲ್ಲ. ಸೇತುವೆ ಇಕ್ಕಟ್ಟು, ಆಚೆಗೆ ಗುಂಡಿ, ಎದುರಿಗೆ ತಿರುವು. ಒಂದು ಉಸಿರಿನಷ್ಟು ಹೊತ್ತೂ ಕಣ್ಣು ಪಕ್ಕಕ್ಕೆ ಹೊರಳಿಸುವ ಹಾಗಿಲ್ಲ. ಅವನಿಗೆ ಯಾಕೆ ಕಂಡಿರಲಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿತು. ಆದರೆ ಎಲ್ಲಿ ನಿಲ್ಲಿಸುವುದು? ಇಷ್ಟೆಲ್ಲ ಯೋಚನೆ ಮಾಡಿದವರು ಇದೊಂದನ್ನು ಯೋಚಿಸಿರಲಿಲ್ಲ. ನೋಡಬೇಕಾದ ಕಿಟಕಿಯಲ್ಲಿ ಕಣ್ಣಿಲ್ಲದವನು ಕೂತಿದ್ದ. ಗಾಡಿ ಸೇತುವೆ ದಾಟಿತು.

ಏಬಲ್ ನೇರ ಮುಂದೆ, ತನ್ನ ಬೂದು ಮಚ್ಚೆಯೊಳಕ್ಕೆ ನೋಡುತ್ತ ಕೂತಿದ್ದ. ಇದ್ದಕ್ಕಿದ್ದಂತೆ ಅವನ ಕೈ ಅವಳ ತೋಳು ಹಿಡಿಯಿತು.

"ನಿಲ್ಸು."

"ಏನಾಯ್ತು?"

"ನಿಲ್ಸೇ! ನಾಲ್ಕು ಕಾಲು ಅದಕ್ಕೆ!"

ಅವಳು ಗೇರು ಇಳಿಸಿ ಅಂಚಿಗೆ ನಿಲ್ಲಿಸಿದಳು. ಕೆಟಲ್ಲನ್ನು ಬಾನೆಟ್ ಮೇಲಿಟ್ಟು ಹಿಡಿಗೆ ತಂತಿ ಸುತ್ತಿದಳು. ಹಿಂದಿನಿಂದ ಬಂದ ಡೆಲ್ಮರ್‌ನ ಲಾರಿ ನಿಧಾನವಾಗಿ, ಕೆಟಲ್ ನೋಡಿ, ಹಾರ್ನ್ ಬಾರಿಸುತ್ತ ಮುಂದೆ ಹೋಯಿತು. ಅದರ ಹಿಂದಿನ ಟ್ಯಾಂಕರ್ ಕೂಡ.

ಏಬಲ್ ಅವಳ ಹೆಗಲ ಮೇಲೆ ಕೈಯಿಟ್ಟು ಹತ್ತಿದ. ಕಾಲಿನ ಕೆಳಗೆ ಪಾಚಿ ಮೆತ್ತಗಿತ್ತು, ಕಿತ್ತಳೆ ಬಣ್ಣದ ಹಣ್ಣುಗಳು ಒಣಗಿ ಉದುರಿದ್ದವು. ಕುರ್ಚಿಯ ಕಾಲುಗಳು ತುಕ್ಕು ಹಿಡಿದಿದ್ದವು, ಗಾಳಿಗೆ ಹಾರದಂತೆ ನಾಲ್ಕಕ್ಕೂ ಕಲ್ಲು ಕಟ್ಟಿದ್ದರು. ಗುಡ್ಡದಾಚೆ, ರಸ್ತೆಯಿಂದ ಎಂದೂ ಕಾಣದ ಅಗಲವಾದ ಕಣಿವೆ. ಅದರ ಎದೆಯ ಮೇಲೆ ಬಾಚಣಿಗೆ ಎಳೆದಂತೆ ಕಾರಿಬೂ ನಡೆದ ಜಾಡುಗಳು. ಯಾರೋ ಮಂಡಿ ನೋಯುವ ಬೇಟೆಗಾರ ಹಿಂಡು ಬರುವುದನ್ನು ಕೂತು ಕಾಯಲೆಂದು ತಂದದ್ದಿರಬೇಕು. ಅವನು ಸತ್ತು ಎಷ್ಟು ಕಾಲವಾಯಿತೋ.

ಆದರೆ ಕೂರುವ ಹಲಗೆ ಹೊಸದು. ಏಬಲ್ ಅದರ ಮೇಲೆ ಕೈಯಾಡಿಸಿದ. ಅಂಚಿನಲ್ಲಿ ಬೆರಳಿಗೆ ಮೊಳೆಗಳು ಸಿಕ್ಕವು, ಒಂದೊಂದೂ ಒಂದೊಂದು ಥರದ್ದು.

"ಒಬ್ರ ಕೆಲಸ ಅಲ್ಲ ಇದು," ಎಂದ. ಆಮೇಲೆ ಕಣಿವೆಯ ಕಡೆ ಮುಖ ಮಾಡಿ, ಅದು ಕಾಣಲೆಂದು ಅವಳ ಕಡೆಗೆ ಕಣ್ಣು ಹೊರಳಿಸಿ ನಿಂತ. "ಯಾರ್ ಯಾರೋ ಗಾಡಿ ನಿಲ್ಲಿಸಿದಾರೆ ಕಣೇ, ಯೂನಿ."