ಮುಚ್ಚಳದ ಒಳಗಿನ ಬರಹ

ನರ್ಸಮ್ಮನ ಕಾರು ಬೀದಿಯ ತಿರುವು ದಾಟುವ ಮೊದಲೇ ಕಾರು ರಿಪೇರಿಯ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಎರಡನೇ ಗೇರಿನಲ್ಲಿ ಟರ್ಬೊದ ಸಣ್ಣ ಸಿಳ್ಳೆ, ಅದರ ಹಿಂದೆ ಹಳೆಯ ಡೀಸೆಲ್ ಇಂಜಿನ್ನಿನ ಕಟಕಟ. ಹದಿನೇಳು ವರ್ಷ ಆ ಸದ್ದು ಬಂದು ನಿಂತದ್ದು ಅವನ ಶೆಡ್ಡಿನ ಮುಂದೆ, ಬೇರೆಲ್ಲೂ ಅಲ್ಲ. ಆ ಮಂಗಳವಾರ ಮಾತ್ರ ಅದು ಎಂದಿನಂತೆ ಒಂದು ಸಲ ಹಾರ್ನ್ ಒತ್ತಿ, ನಿಲ್ಲದೆ ಮುಂದೆ ಹೋಯಿತು. ನಲವತ್ತು ಹೆಜ್ಜೆ ಮುಂದೆ, ಗಾಜಿನ ಬಾಗಿಲಿನ ಗ್ಯಾರೇಜಿನ ಎದುರು ನಿಂತಿತು. ಗ್ಯಾರೇಜು ಅವನ ಷಡ್ಡಕನದು, ಹೆಂಡತಿಯ ತಂಗಿಯ ಗಂಡನದು.

ನಿಂತ ಮೇಲೂ ಇಂಜಿನ್ ಒಂದು ನಿಮಿಷ ಓಡುತ್ತಲೇ ಇತ್ತು. ಬಿಸಿಯಾದ ಟರ್ಬೊ ತಣಿಯುವವರೆಗೆ ಕೀಲಿ ತಿರುಗಿಸಬಾರದು ಎಂದು ಆಕೆಗೆ ಕಲಿಸಿದವನೇ ಮೇಸ್ತ್ರಿ. ತಾನು ಕಲಿಸಿದ ನಿಮಿಷವನ್ನು ಆಕೆ ಇನ್ನೊಬ್ಬನ ಬಾಗಿಲಲ್ಲಿ ಕಳೆಯುವುದನ್ನು ನೋಡಿ ಅವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು.

ನರ್ಸಮ್ಮನನ್ನು ಬೈಯುವಂತಿರಲಿಲ್ಲ. ಹೆರಿಗೆ ಮಾಡಿಸಲು ಹಳ್ಳಿ ಹಳ್ಳಿ ಸುತ್ತುವ ಹೆಂಗಸು. ಬಸುರಿಯರು ಮೇಸ್ತ್ರಿಯ ಸೊಂಟ ಸರಿಹೋಗಲಿ ಎಂದು ಕಾಯುತ್ತಾರೆಯೇ? ಅವನು ಸೊಂಟ ಹಿಡಿದುಕೊಂಡು ಹತ್ತು ದಿನ ಶೆಡ್ಡು ಮುಚ್ಚಿದ್ದಾಗ ಕಾರಿನ ಒಂದು ಪೈಪು ಹರಿದಿತ್ತು, ಆಕೆ ಷಡ್ಡಕನ ಹತ್ತಿರ ಹೋಗಿದ್ದಳು. ಅಷ್ಟು ಸರಿ. ಆದರೆ ಸೊಂಟ ನೆಟ್ಟಗಾಯಿತು, ಶೆಡ್ಡು ತೆರೆಯಿತು, ಕಾರು ಮಾತ್ರ ವಾಪಸ್ಸು ಬರಲಿಲ್ಲ.

ಷಡ್ಡಕನ ಯಾವುದನ್ನು ಕಂಡರೂ ಮೇಸ್ತ್ರಿಗೆ ಆಗುತ್ತಿರಲಿಲ್ಲ. ಅವನ ಉಗುರಿನಲ್ಲಿ ಗ್ರೀಸ್ ಇರುತ್ತಿರಲಿಲ್ಲ. ಮೇಜಿನ ಮೇಲೆ ಕಾರಿಗೆ ಚುಚ್ಚಿ ರೋಗ ಹೇಳುವ ಕಂಪ್ಯೂಟರ್ ಇತ್ತು. ‘ನರ್ಸಮ್ಮನ ಇಂಜಿನ್ನಿಗೆ ಅದನ್ನು ಚುಚ್ಚೋಕೆ ತೂತೇ ಇಲ್ಲ, ಏನು ಮಾಡ್ತಾನೋ ನೋಡೋಣ’ ಎಂದು ಮೇಸ್ತ್ರಿ ಊಟದ ಹೊತ್ತಿನಲ್ಲಿ ಹೆಂಡತಿಗೆ ಮೂರು ಸಲ ಹೇಳಿದ. ಮೂರನೇ ಸಲ ಆಕೆ, ಅನ್ನ ಕಲಸಿ ಅರ್ಧ ಗಂಟೆ ಆಯಿತು, ಮೊದಲು ಅದನ್ನು ಬಾಯಿಗೆ ಇಡಿ ಎಂದಳು.

ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು; ಆ ಗ್ಯಾರೇಜಿನಲ್ಲಿ ಸೊಳ್ಳೆ ಹಾರಿದರೂ ಈ ಮನೆಗೆ ಸುದ್ದಿ ಬರುತ್ತಿತ್ತು. ಹಾಗೇ ಒಂದು ಸಂಜೆ ಬಂದ ಸುದ್ದಿ: ನರ್ಸಮ್ಮನ ಕಾರಿನ ಟೈಮಿಂಗ್ ಬೆಲ್ಟ್ ಹಾಕಿ ಹಳೇ ಬಿಲ್ಲು ಮತ್ತು ಮೀಟರಿನ ಪ್ರಕಾರ ಅರವತ್ತು ಸಾವಿರ ಕಿಲೋಮೀಟರ್ ಆಗಿದೆಯಂತೆ, ತೊಂಬತ್ತರವರೆಗೆ ಚಿಂತೆಯಿಲ್ಲ ಎಂದು ಷಡ್ಡಕ ಹೇಳಿದನಂತೆ.

ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಆ ಬೆಲ್ಟ್ ಹಾಕಿದವನು ಅವನೇ. ಅದಾದ ವರ್ಷಕ್ಕೆ ಮೀಟರಿನ ಕೇಬಲ್ ಕಿತ್ತು ಹೋಗಿ, ಹೊಸದು ಸಿಗದೆ, ಹದಿನಾಲ್ಕು ತಿಂಗಳು ಮೀಟರ್ ಅಲ್ಲಾಡದೆ ನಿಂತಿತ್ತು. ಆ ತಿಂಗಳುಗಳಲ್ಲಿ ಕಾರು ಓಡಿದ್ದು ಕಡಿಮೆಯೆಂದರೂ ನಲವತ್ತು ಸಾವಿರ. ಮೀಟರ್ ನಿಂತದ್ದಕ್ಕೂ ಬೆಲ್ಟಿಗೂ ಗಂಟು ಹಾಕುವಷ್ಟು ನರ್ಸಮ್ಮನಿಗೆ ಇಂಜಿನ್ ಗೊತ್ತಿರಲಿಲ್ಲ. ಬೆಲ್ಟಿನ ಆಯಸ್ಸು ಮುಗಿದು ಹತ್ತು ಸಾವಿರ ದಾಟಿತ್ತು. ಅದು ತುಂಡಾದ ಕ್ಷಣ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ ಅಲ್ಲಿಗೇ ಮುಗಿಯುತ್ತದೆ.

ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಆದರೆ ಮೇಸ್ತ್ರಿ ತುಟಿ ಪಿಟಕ್ಕೆನ್ನಲಿಲ್ಲ. ಬೆಲ್ಟ್ ಕಡಿಯಲಿ, ಅದೂ ಕಾರು ಷಡ್ಡಕನ ಕೈಯಲ್ಲಿರುವಾಗಲೇ ಕಡಿಯಲಿ, ಕಂಪ್ಯೂಟರ್ ಆಗ ಏನು ಹೇಳುತ್ತದೋ ಕೇಳೋಣ ಎಂದುಕೊಂಡ. ಅಂದುಕೊಂಡಾಗ ಹಾಲು ಕುಡಿದಷ್ಟು ಸಂತೋಷವಾಯಿತು ಎಂಬುದನ್ನೂ ಮುಚ್ಚಿಡುವುದು ಬೇಡ.

ಎಂಟು ದಿನ ಅವನು ಆ ಸಿಳ್ಳೆಗೆ ಕಿವಿ ಕೊಟ್ಟು ಕೂತ. ಬೆಳಿಗ್ಗೆ ಹೋಗುವಾಗ ಒಮ್ಮೆ, ಸಂಜೆ ಬರುವಾಗ ಒಮ್ಮೆ. ಸಂಜೆಯದು ತಡವಾದರೆ ಪಾನಾದಿಂದ ನಟ್ಟು ಬಿಗಿಯುತ್ತಿದ್ದ ಕೈ ತಾನಾಗಿ ನಿಲ್ಲುತ್ತಿತ್ತು. ಸದ್ದು ಕೇಳಿದರೆ ಉಸಿರು ಬಿಡುತ್ತಿದ್ದ, ಆಮೇಲೆ ಉಸಿರು ಬಿಟ್ಟದ್ದಕ್ಕೇ ಸಿಟ್ಟಾಗುತ್ತಿದ್ದ.

ಒಂಬತ್ತನೇ ಬೆಳಿಗ್ಗೆ ಸಿಳ್ಳೆ ಕೇಳಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಗುಡ್ಡದ ಆಚೆ ಅವಳಿ ಮಕ್ಕಳ ಬಸುರಿಯೊಬ್ಬಳಿಗೆ ದಿನ ತುಂಬಿದೆ, ನರ್ಸಮ್ಮ ಯಾವಾಗ ಬೇಕಾದರೂ ಹೊರಡಬಹುದು ಎಂದು ಹಿಂದಿನ ದಿನ ಹೆಂಡತಿ ಹೇಳಿದ್ದು ಮೇಸ್ತ್ರಿಗೆ ನೆನಪಾಯಿತು. ಗುಡ್ಡದ ಏರಿನಲ್ಲಿ ನಿಂತು ಹೋದ ಕಾರು, ಚೀಲ ಹಿಡಿದು ನಡೆಯುತ್ತಿರುವ ನರ್ಸಮ್ಮ, ಕಾಯುತ್ತಿರುವ ಆ ಹೆಣ್ಣು, ಎಲ್ಲ ಕಣ್ಣಿಗೆ ಕಟ್ಟಿತು. ಕೈ ಕೂಡ ಒರೆಸಿಕೊಳ್ಳದೆ ಹೊರಟ. ಕೂತಲ್ಲೇ ಎಣಿಸಿಟ್ಟ ನಲವತ್ತು ಹೆಜ್ಜೆ ಆ ದಿನ ಮುಗಿಯಲೇ ಇಲ್ಲ.

ಕಾರು ಗಾಜಿನ ಬಾಗಿಲ ಒಳಗೆ ಬಾನೆಟ್ ಎತ್ತಿಕೊಂಡು ನಿಂತಿತ್ತು. ಕೆಳಗೆ ಬೆಲ್ಟ್ ಬಿದ್ದಿತ್ತು. ತುಂಡಾಗಿರಲಿಲ್ಲ; ಬೆನ್ನ ತುಂಬ ಬಿರುಕು, ನಾಲ್ಕು ಹಲ್ಲು ಸವೆದಿದ್ದವು, ಅಷ್ಟೆ. ನರ್ಸಮ್ಮ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದಳು. ಷಡ್ಡಕ ಕಾರಿನಡಿಯಿಂದ ಎದ್ದು ಬಂದ. ಅವನ ಕೈ ಮೊಣಕೈವರೆಗೆ ಕಪ್ಪಾಗಿತ್ತು.

“ಅಣ್ಣಾ, ನೀವು ಬರೆದಿಡದೇ ಇದ್ದಿದ್ರೆ ನಾನು ಮುಳುಗಿಹೋಗ್ತಿದ್ದೆ,” ಎಂದ. “ಮೂವತ್ತು ಸಾವಿರ ಬಾಕಿ ಇದೆ ಅಂತಾನೇ ಇದ್ದೆ. ಹಳೇ ಕಾರು, ಒಂದ್ಸಲ ಕಣ್ಣಾರೆ ನೋಡಿಬಿಡೋಣ ಅಂತ ನಿನ್ನೆ ಸಂಜೆ ಮುಚ್ಚಳ ಬಿಚ್ಚಿದೆ.”

ಬೆಲ್ಟಿನ ಮುಚ್ಚಳವನ್ನು ಮಗುಚಿ ತೋರಿಸಿದ. ಒಳಗಡೆ ಬಿಳಿ ಪೇಂಟಿನಲ್ಲಿ ಬೆಲ್ಟ್ ಹಾಕಿದ ದಿನದ ಮೀಟರಿನ ಅಂಕಿ. ಅದರ ಕೆಳಗೆ, ಅದೇ ದುಂಡು ಅಕ್ಷರದಲ್ಲಿ, ಇನ್ನೊಂದು ಸಾಲು: ‘ಮೀಟರ್ ನಿಂತಿತ್ತು. ನಲವತ್ತು ಸಾವಿರ ಸೇರಿಸಿ ನೋಡು.’

ಬರೆದದ್ದು ಮೇಸ್ತ್ರಿಗೆ ಮರೆತೇ ಹೋಗಿತ್ತು. ಹೊಸ ಕೇಬಲ್ ಹಾಕಿದ ದಿನ ಬರೆದಿರಬೇಕು. ಮುಂದೆ ಯಾರು ಬಿಚ್ಚುತ್ತಾರೋ ಗೊತ್ತಿಲ್ಲದೆ, ಯಾರಾದರೂ ಇರಲಿ ಎಂದು ಬರೆದ ಸಾಲು. ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ಏನೇನೂ ಅಲ್ಲ ಅನ್ನುವಷ್ಟು ಕಿಚ್ಚು ಆಗ ಅವನಿಗೆ ಆ ಸಾಲು ಬರೆದವನ ಮೇಲೆ ಹತ್ತಿತು.

ನರ್ಸಮ್ಮ ಲೋಟ ಕೆಳಗಿಟ್ಟಳು. “ನಾನು ನಿಮ್ಮನ್ನ ಬಿಟ್ಟು ಬಂದಿದ್ದೇ ತಪ್ಪಾಯ್ತು ಮೇಸ್ತ್ರಿ. ಇವರಿಗೂ ಹೇಳಿದೀನಿ, ಬೇಜಾರಿಲ್ಲ ಅಂದ್ರು. ಇನ್ನು ಮುಂದೆ ಕಾರು ನಿಮ್ಮ ಹತ್ರಾನೇ.”

ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು. ಮೇಸ್ತ್ರಿ ಮುಚ್ಚಳವನ್ನೇ ನೋಡುತ್ತ ನಿಂತ.

“ಬೇಡಿ ನರ್ಸಮ್ಮ. ಮುಚ್ಚಳ ಬಿಚ್ಚಿ ನೋಡಿದವನು ಅವನು. ನನಗೆ ಎಂಟು ದಿನದಿಂದ ಗೊತ್ತಿತ್ತು.”

ಷಡ್ಡಕ ತಲೆ ತಗ್ಗಿಸಿ ಕೈ ಒರೆಸಿಕೊಳ್ಳತೊಡಗಿದ. ನರ್ಸಮ್ಮ ಇವನ ಮುಖವನ್ನು ಹೊಸಬನ ಮುಖ ನೋಡುವ ಹಾಗೆ ನೋಡಿದಳು. ಮೇಸ್ತ್ರಿ ತಿರುಗಿ ನಡೆದ.

ಮಧ್ಯಾಹ್ನ ಇಂಜಿನ್ ಶುರುವಾದದ್ದು ಶೆಡ್ಡಿಗೆ ಕೇಳಿಸಿತು. ಕಾರು ಗುಡ್ಡದ ಕಡೆಗೆ ಹೊರಟು ಅವನ ಬಾಗಿಲ ಮುಂದೆಯೇ ಹಾದುಹೋಯಿತು. ಹದಿನೇಳು ವರ್ಷ ಅಲ್ಲಿ ಹಾದುಹೋಗುವಾಗಲೆಲ್ಲ ನರ್ಸಮ್ಮ ಒಂದು ಸಲ ಹಾರ್ನ್ ಒತ್ತುತ್ತಿದ್ದಳು. ಆ ಮಂಗಳವಾರವೂ ಒತ್ತಿದ್ದಳು. ಇವತ್ತು ಒತ್ತಲಿಲ್ಲ.