ಗಾರೆ ಬಳಿಯದ ಮನೆ

"ಅಪ್ಪ, ಇಳಿ ಕೆಳಗೆ."

ಏಣಿಯ ಮೇಲಿದ್ದ ಅಪ್ಪ ತಿರುಗಿ ನೋಡಲಿಲ್ಲ. ರೋಲರನ್ನು ಬಕೆಟ್ಟಿನಲ್ಲಿ ಅದ್ದಿ, ಅಂಚಿಗೆ ಒರೆಸಿ, ಮತ್ತೆ ಗೋಡೆಗೆ ಒತ್ತಿ ಎಳೆದ. ಬೂದು ಬಣ್ಣದ ಬ್ಲಾಕುಗಳ ಮೇಲೆ ಬಿಳಿಯ ಪಟ್ಟೆ ಇನ್ನೊಂದು ಮೊಳ ಅಗಲವಾಯಿತು.

ಅವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಗೇಟಿಗೆ ಒರಗಿಸಿದ್ದಳು. ಕಾರ್ಖಾನೆಯಲ್ಲಿ ಕರೆಂಟು ಹೋಗಿ ಕಾಂಕ್ರೀಟ್ ಕಲಸುವ ಮಿಕ್ಸರ್ ನಿಂತದ್ದರಿಂದ ಮಧ್ಯಾಹ್ನವೇ ಬಂದಿದ್ದಳು. ಇಲ್ಲದಿದ್ದರೆ ಸಂಜೆ ಅವಳು ಬರುವಷ್ಟರಲ್ಲಿ ಮುಂದಿನ ಗೋಡೆ ಪೂರ್ತಿ ಬೆಳ್ಳಗಾಗಿರುತ್ತಿತ್ತು. ಆ ಧೈರ್ಯದ ಮೇಲೆಯೇ ಅಪ್ಪ ಏಣಿ ಹತ್ತಿದ್ದ. ತನ್ನ ಮನೆಗೆ, ತನ್ನನ್ನು ಒಂದು ಮಾತು ಕೇಳದೆ, ತಾನಿಲ್ಲದ ಹೊತ್ತು ನೋಡಿಕೊಂಡು! ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಕಿವಿ ಕೇಳ್ಸಲ್ವಾ? ಇಳಿ ಅಂದೆ."

"ಇದೊಂದು ಕೋಟು ಮುಗಿಸ್ಬಿಡ್ತೀನಿ ಕಣೇ. ಬರೀ ಪ್ರೈಮರು. ಹಾಳಾದ ಗೋಡೆ, ಎಷ್ಟು ಹಚ್ಚಿದ್ರೂ ಬಾಯಾರಿದ ಎಮ್ಮೆ ಥರ ಕುಡೀತಾನೇ ಇದೆ."

ಆ ಮನೆ ಎದ್ದು ನಿಂತು ವರ್ಷ ತುಂಬಿರಲಿಲ್ಲ. ಬೀದಿಯ ಉಳಿದ ಮನೆಗಳೆಲ್ಲ ಗಾರೆ ಬಳಿದುಕೊಂಡು, ಪುಟ್ಟಿ ಮೆತ್ತಿಕೊಂಡು, ಕೆನೆಬಣ್ಣ, ಗಿಳಿಹಸಿರು, ಗುಲಾಬಿ ಎಂದು ಮದುವೆಗೆ ಹೊರಟವರ ಹಾಗೆ ನಿಂತಿದ್ದರೆ, ಮೂಲೆಯ ಸೈಟಿನಲ್ಲಿ ಇವಳ ಮನೆ ಮಾತ್ರ ಹುಟ್ಟಿದ ಹಾಗೇ ಇತ್ತು. ಬರೀ ಕಾಂಕ್ರೀಟ್ ಬ್ಲಾಕು. ಬೀದಿಯ ಕಡೆಗೆ ಕಿಟಕಿ ಎಂದರೆ ತಲೆಗಿಂತ ಮೇಲೆ ಎರಡು ಸೀಳು, ಅಷ್ಟೆ. ಗಾಳಿ ಬೆಳಕೆಲ್ಲ ಬರುತ್ತಿದ್ದದ್ದು ಒಳಗಿನ ಪುಟ್ಟ ಅಂಗಳದಿಂದ. ರಸ್ತೆಯಲ್ಲಿ ನಿಂತವರಿಗೆ ಅದು ಕಾಣುತ್ತಿರಲಿಲ್ಲ.

ಕಾಣದ್ದರಿಂದಲೇ ಬಾಯಿಗೊಂದು ಮಾತು ಹುಟ್ಟಿತು. ಗೋಡೌನು ಎಂದರು, ಜೈಲು ಎಂದರು. ಎದುರುಮನೆಯ ಹಲ್ಲಿನ ಡಾಕ್ಟರು, "ನಮ್ಮ ಬೀದಿ ಬಾಯಿ ಬಿಟ್ರೆ ಒಂದೇ ಒಂದು ಹುಳುಕು ಹಲ್ಲು" ಎಂದು ತಮ್ಮ ಜೋಕಿಗೆ ತಾವೇ ನಕ್ಕರು. ಆ ಜೋಕು ಬೀದಿಯ ಆ ತುದಿಯವರೆಗೂ ಹೋಗಿ ಸುತ್ತಿಕೊಂಡು ಅವಳ ಕಿವಿಗೇ ಬಂತು. ನಿವಾಸಿಗಳ ಸಂಘದ ಅಧ್ಯಕ್ಷರು, "ಅರ್ಧಕ್ಕೇ ಕೈ ಖಾಲಿ ಆಯ್ತೇನಮ್ಮಾ?" ಎಂದು ಕನಿಕರದಿಂದ ವಿಚಾರಿಸಿದರು. ಇನ್ನು ಕೆಲವರು ದನಿ ತಗ್ಗಿಸಿ, "ಗಂಡನ್ನ ಬಿಟ್ಟು ಬಂದವಳು. ಕಿಟಕಿ ಇಡದೇ ಇರೋದಕ್ಕೆ ಕಾರಣ ಇರುತ್ತೆ ಬಿಡಿ" ಎಂದರು. ದನಿ ತಗ್ಗಿಸಿ ಆಡಿದ ಮಾತೇ ಎಲ್ಲಕ್ಕಿಂತ ಬೇಗ ಬಂದು ಮುಟ್ಟಿತ್ತು.

ಆ ಬ್ಲಾಕುಗಳನ್ನು ಅವಳೇ ಮಾಡಿದ್ದಳು. ಗಂಡನ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಬಂದವಳು ಊರಾಚೆಯ ಬ್ಲಾಕು ಕಾರ್ಖಾನೆಗೆ ಕೂಲಿಗೆ ಸೇರಿದ್ದಳು. ಜಲ್ಲಿ ಹೊತ್ತು, ಅಚ್ಚು ಬಡಿದು, ಕಲಸುವವನಿಗೆ ಜ್ವರ ಬಂದ ದಿನ ತಾನೇ ಕಲಸಿ, ಕೊನೆಗೆ ವಯಸ್ಸಾದ ಯಜಮಾನರು "ನೀನೇ ನಡೆಸಮ್ಮ, ನನ್ನ ಕೈಲಾಗಲ್ಲ" ಎಂದು ಬೀಗದ ಕೈ ಕೊಟ್ಟ ಮೇಲೆ ಕೆಲಸದವರ ಬಾಯಲ್ಲಿ 'ಬ್ಲಾಕಕ್ಕ' ಆಗಿದ್ದಳು. ಮನೆ ಕಟ್ಟುವಾಗ ಒಂದೊಂದು ಬ್ಲಾಕನ್ನೂ ಮೂಲೆ ಮುಕ್ಕಾಗದ ಹಾಗೆ ಅಚ್ಚಿನಿಂದ ಬಿಡಿಸಿ, ಒದ್ದೆ ಗೋಣಿತಾಟು ಹೊದಿಸಿ, ಎಳೆಗೂಸಿನ ಹಾಗೆ ನೋಡಿಕೊಂಡಿದ್ದಳು. "ಗಾರೆ ಕೆಲಸ ಯಾವಾಗ್ಲಿಂದ ಅಕ್ಕಾ?" ಎಂದು ಮೇಸ್ತ್ರಿ ಕೇಳಿದಾಗ, "ಗಾರೆ ಇಲ್ಲ" ಎಂದಿದ್ದಳು. ಮೇಸ್ತ್ರಿ ತಮಾಷೆ ಎಂದುಕೊಂಡು ನಕ್ಕಿದ್ದ.

ಅಪ್ಪ ನಗಲಿಲ್ಲ. ಅಪ್ಪ ಪೇಂಟರು. ಆ ಬೀದಿಯ ಅರ್ಧ ಮನೆಗಳಿಗೆ ಬಣ್ಣ ಹಚ್ಚಿದ ಕೈ ಅವನದು. ಹಿಂದಿನ ಬೀದಿಯಲ್ಲಿ ಮಗನ ಜೊತೆಗಿದ್ದ ಅವನು ಹಾಲಿಗೆಂದು ಹೊರಟರೂ ಸಾಕು, ಯಾರಾದರೊಬ್ಬರು, "ಏನ್ ಪೇಂಟರಣ್ಣ, ಊರಿಗೆಲ್ಲ ಬಣ್ಣ ಬಳಿದೋನಿಗೆ ಮಗಳ ಮನೆಗೆ ಬ್ರಷ್ ಸಿಗ್ಲಿಲ್ವಾ?" ಎನ್ನುತ್ತಿದ್ದರು. ಮನೆಗೆ ಬಾ ಎಂದು ಮಗಳು ಕರೆದಾಗ, "ಕೆಲಸ ಮುಗೀಲಿ" ಎಂದಿದ್ದ. "ಮುಗಿದಿದೆ" ಎಂದರೆ, "ಬಣ್ಣ ಆಗದೆ ಮುಗಿದ ಹಾಗಲ್ಲ" ಎಂದು ಗೇಟಿನಿಂದಲೇ ತಿರುಗಿಹೋಗಿದ್ದ. ಇವತ್ತು ಬಂದವನು ಏಣಿ ಹೊತ್ತುಕೊಂಡೇ ಬಂದಿದ್ದ.

"ಬಣ್ಣ ಯಾರು ತಂದುಕೊಟ್ರು?"

"ಸಂಘದವರು. ಒಳ್ಳೇ ಮನಸ್ಸಿಂದ ಕೊಟ್ಟಿದ್ದಾರೆ. ನೀನು ಅದಕ್ಕೂ ಹುಳಿ ಹಿಂಡಬೇಡ."

ಅದನ್ನೇ ಕಾಯುತ್ತಿದ್ದವರ ಹಾಗೆ ಅಧ್ಯಕ್ಷರು ತಮ್ಮ ಗೇಟು ತೆರೆದು ಹೊರಬಂದರು. ಡಾಕ್ಟರು ಊಟದ ಕೈ ಒರೆಸಿಕೊಳ್ಳುತ್ತ ಮಹಡಿಯ ಕಟಕಟೆಗೆ ಒರಗಿದರು. ಪಕ್ಕದ ಮನೆಯ ಪರದೆ ಒಂದಿಷ್ಟು ಸರಿಯಿತು.

"ಅಪ್ಪ ಮಗಳ ನಡುವೆ ನಾವು ಬರಲ್ಲಮ್ಮಾ," ಎಂದರು ಅಧ್ಯಕ್ಷರು.

"ಬಂದಾಗಿದೆಯಲ್ಲ. ಡಬ್ಬ ಹಿಡ್ಕೊಂಡೇ ಬಂದಿದ್ದೀರಿ."

"ಕೋಪ ಮಾಡ್ಕೋಬೇಡ. ನೀನು ಒಳಗಿರೋಳು, ನಿನಗೆ ಕಾಣಲ್ಲ. ದಿನಾ ಬೆಳಗಾದ್ರೆ ಇದನ್ನ ನೋಡೋರು ನಾವು."

"ಹಾಗಾದ್ರೆ ನೋಡ್ಬೇಡಿ. ಕತ್ತು ಆ ಕಡೆ ತಿರುಗಿಸೋಕೆ ಕಂದಾಯ ಏನಿಲ್ಲ."

ಏಣಿಯ ಬುಡದಲ್ಲಿ ಪ್ರೈಮರಿನ ದೊಡ್ಡ ಡಬ್ಬವಿತ್ತು, ಇನ್ನೂ ಮುಕ್ಕಾಲು ತುಂಬಿದ್ದು. ಇಬ್ಬರು ಹಿಡಿದು ತಂದಿರಬೇಕು. ಅವಳು ಬ್ಲಾಕು ಎತ್ತುವ ಹಾಗೆ ಮಂಡಿ ಬಗ್ಗಿಸಿ ಒಂದೇ ಸಲಕ್ಕೆ ಅದನ್ನು ಎತ್ತಿಕೊಂಡಳು. ರಸ್ತೆ ದಾಟಿ ಹೋಗಿ ಅಧ್ಯಕ್ಷರ ಕಾಲಬುಡದಲ್ಲಿ ಕುಕ್ಕಿದಳು. ಮುಚ್ಚಳ ಹಾರಿ, ಅವರ ಚಪ್ಪಲಿ, ಪ್ಯಾಂಟಿನ ಅಂಚು, ಗೇಟಿನ ಕಪ್ಪು ಸರಳುಗಳ ಮೇಲೆಲ್ಲ ಬಿಳಿ ಸಿಡಿಯಿತು.

"ನಿಮ್ಮ ಒಳ್ಳೇ ಮನಸ್ಸು, ನಿಮ್ಮ ಹತ್ರಾನೇ ಇರ್ಲಿ."

"ಏಯ್!" ಏಣಿಯ ಮೇಲಿಂದ ಅಪ್ಪ ಅಬ್ಬರಿಸಿದ. "ದೊಡ್ಡವರ ಹತ್ರ ಹೀಗಾ ನಡ್ಕೊಳ್ಳೋದು? ನನ್ನ ಮಾನ ತೆಗೀಬೇಕು ಅಂತಲೇ ಹುಟ್ಟಿದ್ಯೇನೇ? ಆಯುಷ್ಯವೆಲ್ಲ ಈ ಬೀದೀಲಿ ತಲೆ ಎತ್ಕೊಂಡು ಓಡಾಡಿದ್ದೀನಿ. ಈಗ ಹಾಲು ತರೋಕೂ ಸುತ್ತು ಹಾದಿ ಹಿಡಿಯೋ ಹಾಗಾಗಿದೆ. ಏನು ಅಂಥಾ ಹಟ ನಿಂದು? ಮನೆ ಅಂದ್ಮೇಲೆ ನೋಡೋಕೆ ಲಕ್ಷಣವಾಗಿರಬೇಕು ಕಣೇ. ಲಕ್ಷಣ!"

ಅಧ್ಯಕ್ಷರಿಗೆ ಇನ್ನೂ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆರೆದಿದ್ದವಳು ಹಾಗೇ ನಿಂತಳು. ಲಕ್ಷಣ ಎಂಬ ಆ ಮಾತನ್ನು ಅಪ್ಪನ ಬಾಯಲ್ಲಿ ಅವಳು ಹಿಂದೆಯೂ ಒಮ್ಮೆ ಕೇಳಿದ್ದಳು. ಗಂಡಿನ ಮನೆ ನೋಡಿಕೊಂಡು ಬರಲು ಹೋಗಿದ್ದ ದಿನ ಅಪ್ಪ ಚಪ್ಪಲಿ ಬಿಡುವ ಮೊದಲೇ ಅಮ್ಮನನ್ನು ಕೂಗಿದ್ದ. "ಏನು ಫಿನಿಶಿಂಗ್ ಅಂತೀಯ! ಗೋಡೆ ಮೇಲೆ ಕೈಯಾಡಿಸಿದ್ರೆ ಗಾಜು ಸವರಿದ ಹಾಗೆ. ಎಂಥ ಲಕ್ಷಣವಾದ ಮನೆ! ಮನೇನ ಹಾಗಿಟ್ಕೊಂಡೋರು ಕೆಟ್ಟೋರಾಗಿರೋಕೆ ಸಾಧ್ಯವೇ ಇಲ್ಲ." ಹುಡುಗ ಹೇಗಿದ್ದಾನೆ ಎಂದು ಅಮ್ಮ ಎರಡು ಸಲ ಕೇಳಿದ ಮೇಲೆ, "ಚೆನ್ನಾಗಿದ್ದಾನೆ, ಚೆನ್ನಾಗಿದ್ದಾನೆ" ಎಂದಿದ್ದ.

ಅವಳು ರಸ್ತೆ ದಾಟಿ ಏಣಿಯ ಬುಡಕ್ಕೆ ಬಂದಳು. ಈಗ ಅವಳ ದನಿ ಏರಿರಲಿಲ್ಲ.

"ಆ ಮನೆ ಗೋಡೆ ನೆನಪಿದ್ಯಾ ಅಪ್ಪ?"

"ಯಾವ ಮನೆ?"

"ನೀನು ಮೆಚ್ಚಿ ಬಂದಿದ್ದೆಯಲ್ಲ. ಗಾಜಿನ ಹಾಗಿದೆ ಅಂತ. ಅವನು ನನ್ನ ತಲೆ ಹಿಡಿದು ಆ ಗೋಡೆಗೆ ಚಚ್ಚಿದಾಗ್ಲೆಲ್ಲ ಅವರಮ್ಮ ಒದ್ದೆ ಬಟ್ಟೆ ತರ್ತಿದ್ರು. ಗೋಡೆ ಒರೆಸೋಕೆ. ಮೊದಲು ಗೋಡೆ, ಆಮೇಲೆ ನಾನು. ಆರಿದ್ರೆ ಕಲೆ ಉಳಿಯುತ್ತಂತೆ."

ಅಪ್ಪನ ಕೈಯಲ್ಲಿದ್ದ ರೋಲರು ಗೋಡೆಯಿಂದ ಬಿಟ್ಟುಕೊಂಡು ಗಾಳಿಯಲ್ಲಿ ನಿಂತಿತು.

"ನಿನಗೆ ಹೇಳೋಣ ಅಂತ ಬಂದಿದ್ದೆ ಒಂದ್ಸಲ. ಹಣೆ ಮೇಲೆ ಬ್ಯಾಂಡೇಜ್ ಇತ್ತು. ನೀನು ಏನಂದೆ? 'ಒಳಗೆ ಬಾ, ಬಾಗಿಲಲ್ಲಿ ನಿಂತು ಅಳಬೇಡ, ಯಾರಾದ್ರೂ ನೋಡ್ತಾರೆ' ಅಂದೆ. ಸಂಜೆ ನೀನೇ ಕರ್ಕೊಂಡು ಹೋಗಿ ಬಿಟ್ಟು ಬಂದೆ. ಬರೋವಾಗ ಅವರ ಗೇಟಿನ ಬಣ್ಣ ಚೆನ್ನಾಗಿದೆ ಅಂತ ಹೊಗಳಿದೆ. ನನಗೆ ಕೇಳಿಸ್ತು."

ಮಹಡಿಯ ಮೇಲಿದ್ದ ಡಾಕ್ಟರು ಯಾರೋ ಒಳಗಿಂದ ಕರೆದವರ ಹಾಗೆ ತಿರುಗಿ ಹೋದರು. ಅಧ್ಯಕ್ಷರು ಬಿಳಿ ಸಿಡಿದ ಚಪ್ಪಲಿಯನ್ನೇ ನೋಡುತ್ತ, ಒಳಗೆ ಸರಿದು ಗೇಟು ಹಾಕಿಕೊಂಡರು. ಅವಳು ಅತ್ತ ನೋಡಲೇ ಇಲ್ಲ. ಇಷ್ಟು ವರ್ಷ ಒಳಗೇ ಕುದಿಯುತ್ತಿದ್ದದ್ದು ಹೊರಗೆ ಬಿದ್ದಿತ್ತು. ಆದರೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಸಿಟ್ಟು ಇನ್ನಷ್ಟು ಏರಿತು. ಇದನ್ನು ಹೀಗೆ ನಡುಬೀದಿಯಲ್ಲಿ ಆಡಿಸಿದರಲ್ಲ ಎಂಬ ಸಿಟ್ಟು.

ಅಪ್ಪ ಒಂದೊಂದೇ ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲಲ್ಲಿ ಕಾಲು ನೆಲ ಹುಡುಕಿತು. ಅವಳು ಕೈ ಕೊಡಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ," ಎಂದ.

"ಗೊತ್ತಿತ್ತು."

"ಪೂರ್ತಿ ಗೊತ್ತಿರ್ಲಿಲ್ಲ ಕಣೇ."

"ಪೂರ್ತಿ ಕೇಳ್ಲಿಲ್ಲ ನೀನು."

ಅಪ್ಪ ಚೀಲದಿಂದ ತಂತಿಯ ಬ್ರಷ್ಷನ್ನೂ ನೀರಿನ ಬಾಟಲಿಯನ್ನೂ ತೆಗೆದು, ಬಿಳಿ ಪಟ್ಟೆಯ ಕೆಳಗಿನ ತುದಿಗೆ ನೀರು ಎರಚಿ ಉಜ್ಜತೊಡಗಿದ. ಅವಳು ಕೈಕಟ್ಟಿ ನಿಂತು ನೋಡಿದಳು. ಹಾಲಿನಂಥ ನೀರು ಗೋಡೆಯುದ್ದಕ್ಕೂ ಇಳಿಯಿತೇ ಹೊರತು, ಬ್ಲಾಕಿನ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿದಿದ್ದ ಬಿಳಿ ಜಗ್ಗಲಿಲ್ಲ. ಅಪ್ಪ ಭುಜ ಹಾಕಿ ಉಜ್ಜಿದ. ತಂತಿಯ ಎಳೆಗಳು ಬಾಗಿದವು. ಅವನ ಉಸಿರು ಸಿಳ್ಳೆಯ ಹಾಗೆ ಕೇಳಿಸತೊಡಗಿತು.

"ಹೋಗಲ್ಲ ಇದು," ಎಂದ ಕೊನೆಗೆ, ಬೆನ್ನು ತಿರುಗಿಸಿಕೊಂಡೇ.

"ಗೊತ್ತು."

"ಬ್ಲಾಕು ಬಿಚ್ಚಿ ಬೇರೆ ಕೂರಿಸಿದ್ರೆ..."

"ಏನೂ ಬೇಡ. ಇರ್ಲಿ ಬಿಡು. ಯಾರಾದ್ರೂ ಕೇಳಿದ್ರೆ ನಿನ್ನ ಹೆಸರು ಹೇಳ್ತೀನಿ."

ಅವನು ಬ್ರಷ್ಷನ್ನು ಕೆಳಗಿಟ್ಟು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತ. ಬೆರಳುಗಳು ಬಿಳಿಯಾಗಿ ಒಂದಕ್ಕೊಂದು ಅಂಟಿದ್ದವು. ಹೊರಗೆ ನಲ್ಲಿಯಿರಲಿಲ್ಲ. ಅವಳು ಬಾಗಿಲ ಬೀಗ ತೆಗೆದು ಒಳಗೆ ನಡೆದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಬರಿಗಾಲಿನ ಸದ್ದಾಯಿತು.

ಎಲ್ಲಿಗೂ ಕೈ ತಾಕದ ಹಾಗೆ, ಮೊಣಕೈ ಒಳಗೆ ಎಳೆದುಕೊಂಡು, ಅಪ್ಪ ಎರಡು ಕೋಣೆ ದಾಟಿ ಅಂಗಳಕ್ಕೆ ಬಂದ. ಮೇಲಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ನಾಲ್ಕೂ ಕಡೆಯ ದೊಡ್ಡ ಕಿಟಕಿಗಳು ತೆರೆದೇ ಇದ್ದವು. ಒಂದರಲ್ಲಿ ಅವಳ ಮಂಚ ಕಾಣುತ್ತಿತ್ತು, ಒಂದರಲ್ಲಿ ಒಲೆ. ಅಪ್ಪ ಸುತ್ತ ನೋಡಿದ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ಮೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ.

ಅವಳು ತೊಟ್ಟಿಯಿಂದ ಚೊಂಬಿನಲ್ಲಿ ನೀರು ಮೊಗೆದು ಮೇಲಿಂದಲೇ ಸುರಿದಳು. ನೀರು ಅವನ ಅಂಗೈಗೆ ಬಡಿದು ಮುಖಕ್ಕೆ, ಅಂಗಿಗೆ ಸಿಡಿಯಿತು. ಅವನು ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಕೈ ಉಜ್ಜಿಕೊಂಡ. ಬಿಳಿಯ ನೀರು ಕಲ್ಲಿನ ಮೇಲೆ ಹರಡಿ ಅವಳ ಪಾದದವರೆಗೆ ಬಂತು.

"ಉಗುರ ಸಂದೀಲಿ ಉಳಿದಿದೆ," ಎಂದು ಬೆರಳುಗಳನ್ನು ಬಿಡಿಸಿ ಅವಳಿಗೇ ತೋರಿಸಿದ.

ಅವಳು ಮತ್ತೊಂದು ಚೊಂಬು ಮೊಗೆದಳು.